ಗೆಡ್ಡೆಯ ಪಕ್ಕದ ಅಭಿಧಮನಿ: ಮೆದುಳಿನ ಎಂಆರ್‌ಐ ಯೋಜಿಸುವ ಮತ್ತು ಓದುವ ಕ್ರಮ

ಬೈತಲೆ ತೆಗೆಯುವ ಗೆರೆಯ ನೇರ ಕೆಳಗೆ, ತಲೆಬುರುಡೆಯ ಒಳಮೈಗೆ ಅಂಟಿಕೊಂಡಂತೆ, ಹಣೆಯಿಂದ ಹಿಂದಲೆಯವರೆಗೆ ಕಮಾನಿನಂತೆ ಬಾಗಿ ಸಾಗುವ ಒಂದು ರಕ್ತದ ಕಾಲುವೆಯಿದೆ. ಅದಕ್ಕೆ ಸುಪೀರಿಯರ್ ಸ್ಯಾಜಿಟಲ್ ಸೈನಸ್ ಎಂದು ಹೆಸರು. ಮೆದುಳಿನ ಎರಡೂ ಅರೆಗೋಳಗಳ ಮೇಲ್ಮೈಯಿಂದ ಹೊರಟ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯದತ್ತ ಮರಳಿ ಒಯ್ಯುವ ಸಿರೆಗಳು, ಸೇತುವೆಗಳಂತೆ ಚಾಚಿಕೊಂಡು ಈ ಕಾಲುವೆಯನ್ನು ಸೇರುತ್ತವೆ. ಅಲ್ಲಿಂದ ರಕ್ತ ಹಿಂದಲೆಗೆ ಬಂದು, ಎಡಬಲದ ಟ್ರಾನ್ಸ್‌ವರ್ಸ್ ಮತ್ತು ಸಿಗ್ಮಾಯ್ಡ್ ಸೈನಸ್‌ಗಳ ಮೂಲಕ ಕುತ್ತಿಗೆಯ ಜುಗುಲಾರ್ ಅಭಿಧಮನಿಗಳಿಗೆ ಇಳಿದು ಹೃದಯಕ್ಕೆ ಮರಳುತ್ತದೆ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ, 1922ರಲ್ಲಿ ಹಾರ್ವೆ ಕುಶಿಂಗ್ ಅವರು ಮೆನಿಂಜಿಯೋಮಾ ಎಂದು ಹೆಸರಿಟ್ಟ ಗೆಡ್ಡೆಗಳಲ್ಲಿ ಹಲವು ಈ ಕಾಲುವೆಯ ಗೋಡೆಗೇ ಆತುಕೊಂಡು ಬೆಳೆಯುತ್ತವೆ. ಗೆಡ್ಡೆಗೂ ಸೈನಸ್ಸಿಗೂ ನಡುವೆ ಮೆದುಳಿನ ಒಂದು ಎಳೆಯೂ ಇಲ್ಲದಿದ್ದರೆ ಅದು ಪ್ಯಾರಾಸ್ಯಾಜಿಟಲ್ ಮೆನಿಂಜಿಯೋಮಾ. ಈ ಬರಹದಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಇತರ ಗೆಡ್ಡೆಗಳ ಪ್ರಸ್ತಾಪ ಅಗತ್ಯವಿದ್ದಲ್ಲಿ ಮಾತ್ರ ಬರುತ್ತದೆ. ಎಂಆರ್‌ಐ ವಿಭಾಗದಲ್ಲಿ ಕೆಲಸ ಮಾಡುವ ತಂತ್ರಜ್ಞರನ್ನೂ ರೇಡಿಯಾಲಜಿ ಕಲಿಯುತ್ತಿರುವ ಕಿರಿಯ ವೈದ್ಯರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸ್ಕ್ಯಾನಿಗೆ ಹೋಗಬೇಕಾದವರೂ ಅವರ ಮನೆಯವರೂ ಓದಿದರೆ, ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದೀತು.

ಅಭಿಧಮನಿಗೆ ಇಷ್ಟು ಮಹತ್ವ ಏಕೆಂದರೆ, ಅದು ಮುಚ್ಚಿದಾಗ ಬರುವ ಕೇಡು ಅಪಧಮನಿ ಮುಚ್ಚಿದಾಗಿನ ಕೇಡಿಗಿಂತ ಬೇರೆ ಬಗೆಯದು. ಒಳಗೆ ಬಂದ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲದೆ ಮೆದುಳಿನ ಆ ಭಾಗ ಊದಿಕೊಳ್ಳುತ್ತದೆ, ಎಷ್ಟೋ ಸಲ ಅಲ್ಲೇ ರಕ್ತ ಒಸರುತ್ತದೆ, ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಂಡ ರೋಗಿಗೆ ಕಾಲು ಎತ್ತಲಾಗದಿರಬಹುದು ಅಥವಾ ಫಿಟ್ಸ್ ಬರಬಹುದು. ಸೈನಸ್ಸಿನ ಮುಂದಿನ ಮೂರನೇ ಒಂದು ಭಾಗವನ್ನು ಕಟ್ಟಿಹಾಕಿದರೆ ಬಹುತೇಕ ರೋಗಿಗಳು ತಾಳಿಕೊಳ್ಳುತ್ತಾರೆ. ಹಿಂದಿನ ಎರಡು ಭಾಗಗಳಲ್ಲಿ ತೆರೆದಿರುವ ಕಾಲುವೆಯನ್ನು ಏಕಾಏಕಿ ಮುಚ್ಚುವುದು ಪ್ರಾಣಕ್ಕೇ ಅಪಾಯ. ಅಪಧಮನಿಗಳ ದಾರಿ ಬಹುಮಟ್ಟಿಗೆ ಎಲ್ಲರಲ್ಲೂ ಒಂದೇ ತೆರನಾಗಿರುತ್ತದೆ, ಆದರೆ ಮೆದುಳಿನ ಮೇಲ್ಮೈಯ ಅಭಿಧಮನಿಗಳು ವ್ಯಕ್ತಿಯಿಂದ ವ್ಯಕ್ತಿಗೆ, ಒಬ್ಬರಲ್ಲೇ ಎಡದಿಂದ ಬಲಕ್ಕೆ ಬೇರೆಯಾಗಿರುತ್ತವೆ. ಆದ್ದರಿಂದ ಪಠ್ಯಪುಸ್ತಕದ ಚಿತ್ರ ಇಲ್ಲಿ ಸಾಲದು. ಆ ರೋಗಿಯ ನಕ್ಷೆಯನ್ನೇ ತೆಗೆಯಬೇಕು.

ಸ್ಕ್ಯಾನಿಗೆ ಮುಂಚೆ

ಕೆಲಸ ಆರಂಭವಾಗುವುದು ಯಂತ್ರದ ಮುಂದಲ್ಲ, ಕೋರಿಕೆ ಚೀಟಿಯ ಮುಂದೆ. 'ಬ್ರೇನ್ ವಿತ್ ಕಾಂಟ್ರಾಸ್ಟ್' ಎಂದಷ್ಟೇ ಬರೆದ ಚೀಟಿ ಬಂದರೆ ಕಳುಹಿಸಿದ ವೈದ್ಯರಿಗೆ ಫೋನ್ ಮಾಡಿ, ಗೆಡ್ಡೆ ಎಲ್ಲಿದೆಯೆಂದು ತಿಳಿದಿದೆಯೇ, ಶಸ್ತ್ರಚಿಕಿತ್ಸೆಯ ಯೋಚನೆ ಇದೆಯೇ, ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಕೇಳಬೇಕು. ಯಾವ ಸಿರೆಯನ್ನು ಹುಡುಕಬೇಕೆಂಬುದನ್ನು ಗೆಡ್ಡೆಯ ಜಾಗವೇ ಹೇಳುತ್ತದೆ. ನೆತ್ತಿಯ ನಡುವಿನದಾದರೆ ಸ್ಯಾಜಿಟಲ್ ಸೈನಸ್, ಅದಕ್ಕೆ ಸೇರುವ ಸೇತು ಅಭಿಧಮನಿಗಳು, ಅವುಗಳಲ್ಲೂ ಟ್ರೋಲಾರ್ಡ್ ಅಭಿಧಮನಿ. ಕಿವಿಯ ಹಿಂಭಾಗದ ಆಳದಲ್ಲಿದ್ದರೆ ಟ್ರಾನ್ಸ್‌ವರ್ಸ್ ಮತ್ತು ಸಿಗ್ಮಾಯ್ಡ್ ಸೈನಸ್‌ಗಳ ಜೊತೆಗೆ ಲ್ಯಾಬೆ ಅಭಿಧಮನಿ. ಮೆದುಳಿನ ನಡುವಿನ ಪೀನಿಯಲ್ ಗ್ರಂಥಿಯ ಭಾಗದ್ದಾದರೆ ಒಳಗಿನ ಸೆರೆಬ್ರಲ್ ಅಭಿಧಮನಿಗಳ ಜೋಡಿ ಮತ್ತು ಅವು ಕೂಡುವ ಗ್ಯಾಲೆನ್ ಅಭಿಧಮನಿ. ಪಿಟ್ಯೂಟರಿಯ ಬದಿಗಾದರೆ ಕ್ಯಾವರ್ನಸ್ ಸೈನಸ್. ಇಲ್ಲಿ ಒಂದು ಮಾತು: ವರದಿಯಲ್ಲಿ 'ಸೈನಸ್' ಎಂದು ಓದಿದ ಮನೆಯವರು ನೆಗಡಿಯ ಸೈನಸ್ ಎಂದುಕೊಂಡು ನಿರಾಳವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಮೂಗಿನ ಪಕ್ಕದ ಗಾಳಿಗೂಡುಗಳಿಗೂ ಮೆದುಳಿನ ಹೊದಿಕೆಯೊಳಗಿನ ಈ ರಕ್ತಕಾಲುವೆಗಳಿಗೂ ಹೆಸರೊಂದೇ, ವಸ್ತು ಬೇರೆ. ಇದನ್ನು ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು.

ರೋಗಿಯ ದೇಹದಲ್ಲಿ ಪೇಸ್‌ಮೇಕರ್, ಉಬ್ಬಿದ ರಕ್ತನಾಳಕ್ಕೆ ಹಾಕಿದ ಹಳೆಯ ಅನ್ಯೂರಿಸಂ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಕಣ್ಣಿಗೆ ಹಾರಿದ ಲೋಹದ ಚೂರು ಇವೆಯೇ ಎಂದು ಕೇಳುವುದು ಎಲ್ಲರಿಗೂ ತಿಳಿದ ಕ್ರಮ. ತಲೆಯ ಸ್ಕ್ಯಾನಿನಲ್ಲಿ ಇನ್ನೂ ಸಣ್ಣ ವಸ್ತುಗಳು ಕಾಡುತ್ತವೆ. ತುರುಬಿನೊಳಗೆ ಮರೆತ ಒಂದೇ ಒಂದು ಕಬ್ಬಿಣದ ಹೇರ್‌ಪಿನ್ ಸರಿಯಾಗಿ ನಾವು ನೋಡಬೇಕಾದ ನೆತ್ತಿಯ ಭಾಗವನ್ನೇ ಕಪ್ಪು ರಂಧ್ರವಾಗಿಸುತ್ತದೆ. ಮೂಗುತಿ, ಓಲೆ, ಮಾಂಗಲ್ಯ, ಕಾಲುಂಗುರ, ಉಡಿದಾರಕ್ಕೆ ಕಟ್ಟಿದ ತಾಯಿತ ಎಲ್ಲವನ್ನೂ ತೆಗೆಸಬೇಕು. ಕೆಲವು ಕಾಡಿಗೆಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಕಣ್ಣನ್ನೂ ತೊಳೆಸಬೇಕು. ಮಾಂಗಲ್ಯ ತೆಗೆಯಲು ಹಿಂಜರಿಯುವ ಹಿರಿಯ ಹೆಂಗಸರಿಗೆ, ಅದನ್ನು ಅವರ ಕಣ್ಣೆದುರೇ ಮನೆಯವರ ಕೈಗೆ ಕೊಟ್ಟು, ಹೊರಬಂದ ಕೂಡಲೇ ಹಾಕಿಕೊಳ್ಳಬಹುದೆಂದು ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ. ಅವಸರ ಮಾಡಿದರೆ ಗಾಬರಿಯಿಂದಲೇ ಒಳಗೆ ಹೋಗಿ ಅಲುಗಾಡುತ್ತಾರೆ, ಅಲುಗಾಡಿದ ತಲೆಯಲ್ಲಿ 1 ಮಿಲಿಮೀಟರ್ ಸಿರೆ ಕಾಣುವುದಿಲ್ಲ.

ರಕ್ತನಾಳಗಳೂ ಗೆಡ್ಡೆಯೂ ಚಿತ್ರದಲ್ಲಿ ಹೊಳೆಯುವಂತೆ ಮಾಡುವ ಕಾಂಟ್ರಾಸ್ಟ್, ಅಂದರೆ ಗ್ಯಾಡೊಲಿನಿಯಂ ಔಷಧ ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿದಿರಬೇಕು. ತೀವ್ರ ಮೂತ್ರಪಿಂಡ ವೈಫಲ್ಯ ಇರುವವರಲ್ಲಿ ಚರ್ಮ ಗಟ್ಟಿಯಾಗುವ ಒಂದು ಗಂಭೀರ ಕಾಯಿಲೆಗೂ ಈ ಔಷಧಕ್ಕೂ ನಂಟಿದೆಯೆಂದು 2006ರಲ್ಲಿ ಬೆಳಕಿಗೆ ಬಂತು. ಮೂತ್ರಪಿಂಡ ರಕ್ತವನ್ನು ಸೋಸುವ ಸಾಮರ್ಥ್ಯದ ಅಳತೆಯಾದ ಇಜಿಎಫ್ಆರ್ 30ಕ್ಕಿಂತ ಕಡಿಮೆ ಇದ್ದರೆ ಔಷಧ ಬೇಕೇ ಬೇಕೇ ಎಂದು ವೈದ್ಯರೊಡನೆ ಚರ್ಚಿಸಬೇಕು. ಇಂದು ಹೆಚ್ಚಾಗಿ ಬಳಸುವ ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರೇಟ್‌ನಂಥ ಉಂಗುರ ರಚನೆಯ ಔಷಧಗಳು ಈ ವಿಷಯದಲ್ಲಿ ಹಳೆಯ ನೇರ ರಚನೆಯವುಗಳಿಗಿಂತ ಬಹಳ ಸುರಕ್ಷಿತ. ಸೂಜಿಯನ್ನು ಆದಷ್ಟು ಬಲಗೈಗೆ ಹಾಕಬೇಕೆಂಬುದು ನನ್ನ ಒತ್ತಾಯ. ಎಡಗೈಯಿಂದ ಬರುವ ಅಭಿಧಮನಿ ಎದೆಮೂಳೆಗೂ ಮಹಾಪಧಮನಿಯ ಕವಲುಗಳಿಗೂ ನಡುವೆ ಹಾದುಹೋಗುತ್ತದೆ. ವಯಸ್ಸಾದವರಲ್ಲಿ ಅದು ಅಲ್ಲಿ ಒತ್ತಿಹೋಗಿ, ಔಷಧ ಎಡ ಜುಗುಲಾರ್ ಅಭಿಧಮನಿಯೊಳಗೆ ಮೇಲ್ಮುಖವಾಗಿ ನುಗ್ಗಿ ಚಿತ್ರವನ್ನು ಗೊಂದಲಗೊಳಿಸಬಹುದು. ಕುತ್ತಿಗೆಯನ್ನು ಯಾವ ಬದಿಗೂ ತಿರುಗಿಸದೆ ನೇರವಾಗಿಟ್ಟು ಮಲಗಿಸಬೇಕು, ಏಕೆಂದರೆ ತಿರುವಿದ ಕುತ್ತಿಗೆಯಲ್ಲಿ ಒಂದು ಬದಿಯ ಜುಗುಲಾರ್ ಒತ್ತಿಹೋಗುತ್ತದೆ. ನೀರು ಕುಡಿಯದೆ ಬಂದವರಿಗೆ, ಅರಿವಳಿಕೆಯ ನಿರ್ಬಂಧ ಇಲ್ಲದಿದ್ದರೆ, ಒಂದು ಲೋಟ ನೀರು ಕೊಡುವುದು ಒಳ್ಳೆಯದು.

ಯಾವುದನ್ನು ಮೊದಲು, ಯಾವುದನ್ನು ನಂತರ

ಔಷಧ ಕೊಡುವ ಮೊದಲೇ ಟಿ1, ಟಿ2, ಫ್ಲೇರ್ ಮತ್ತು ಡಿಫ್ಯೂಷನ್ ಎಂಬ ಸೀಕ್ವೆನ್ಸ್‌ಗಳ, ಅಂದರೆ ಎಂಆರ್‌ಐ ತೆಗೆಯುವ ಬೇರೆ ಬೇರೆ ಬಗೆಗಳ, ಚಿತ್ರಗಳನ್ನು ತೆಗೆದುಕೊಳ್ಳಬೇಕು. ಗೆಡ್ಡೆಯ ಸುತ್ತಲಿನ ಊತ ಫ್ಲೇರ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಡಿಫ್ಯೂಷನ್ ಚಿತ್ರ ಜೀವಕೋಶಗಳ ಒತ್ತಣೆಯನ್ನು ಸೂಚಿಸುತ್ತದೆ, ಕೀವುಗಟ್ಟಿದ ಬಾವನ್ನು ಗೆಡ್ಡೆಯಿಂದ ಬೇರ್ಪಡಿಸಲು ನೆರವಾಗುತ್ತದೆ. ಟಿ2 ಚಿತ್ರವನ್ನು ಅಭಿಧಮನಿಯ ದೃಷ್ಟಿಯಿಂದಲೂ ನೋಡುವ ರೂಢಿ ಬೆಳೆಸಿಕೊಳ್ಳಬೇಕು: ಹರಿಯುವ ರಕ್ತ ಅದರಲ್ಲಿ ಕಪ್ಪಾಗಿ ಕಾಣುವುದರಿಂದ, ಸೈನಸ್ಸಿನ ಜಾಗದಲ್ಲಿ ಆ ಕಪ್ಪು ಮಾಯವಾಗಿ ಬೂದು ಬಣ್ಣ ತುಂಬಿದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂದು ಆಗಲೇ ತಿಳಿಯುತ್ತದೆ.

ಎಸ್‌ಡಬ್ಲ್ಯುಐ ಎಂಬ ಸೀಕ್ವೆನ್ಸ್‌ಗೆ ಔಷಧವೇ ಬೇಡ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ತುಸು ಕದಡುತ್ತದೆ. 1990ರಲ್ಲಿ ಸೈಜಿ ಒಗಾವಾ ಅವರು ತೋರಿಸಿಕೊಟ್ಟ ಈ ಗುಣವನ್ನೇ ಬಳಸಿ 1997ರಲ್ಲಿ ಯುರ್ಗನ್ ರೈಖೆನ್‌ಬಾಕ್, ಮಾರ್ಕ್ ಹಾಕೆ ಮತ್ತು ಸಂಗಡಿಗರು ಮೆದುಳಿನ ಸಣ್ಣ ಅಭಿಧಮನಿಗಳ ಚಿತ್ರ ತೆಗೆದರು. 1.5 ಟೆಸ್ಲಾ ಯಂತ್ರದಲ್ಲಿ ಪ್ರತಿಧ್ವನಿಯ ಕಾಲವನ್ನು (ಎಕೋ ಟೈಮ್) ಸುಮಾರು 40 ಮಿಲಿಸೆಕೆಂಡಿಗೂ 3 ಟೆಸ್ಲಾದಲ್ಲಿ ಸುಮಾರು 20 ಮಿಲಿಸೆಕೆಂಡಿಗೂ ಇಟ್ಟರೆ ಸಿರೆಗಳು ಕಪ್ಪು ಎಳೆಗಳಾಗಿ ಮೂಡುತ್ತವೆ. ಮೆದುಳಿನ ಅಂಗಾಂಶದಲ್ಲೇ ಹುಟ್ಟುವ ಗ್ಲಯೋಮಾದಂಥ ಗೆಡ್ಡೆಗಳೊಳಗಿನ ಸೂಕ್ಷ್ಮ ರಕ್ತಸ್ರಾವವೂ ಇದರಲ್ಲಿ ಕಾಣುತ್ತದೆ. ಆದರೆ ಸುಣ್ಣಗಟ್ಟಿದ ಭಾಗವೂ ರಕ್ತವೂ ಎರಡೂ ಕಪ್ಪೇ ಆದ್ದರಿಂದ, ಬೇರ್ಪಡಿಸಲು ಅದೇ ಸ್ಕ್ಯಾನಿನ ಸಂಕೇತದ ಹಂತವನ್ನು ತೋರಿಸುವ ಫೇಸ್ (phase) ಚಿತ್ರವನ್ನು ತೆರೆಯಬೇಕು. ಯಂತ್ರ ತಯಾರಕರಿಗೆ ತಕ್ಕಂತೆ ಕಪ್ಪು ಬಿಳುಪು ಅದಲುಬದಲಾಗುವುದರಿಂದ, ಮೊದಲು ಅದೇ ರೋಗಿಯ ಒಂದು ಖಚಿತ ಅಭಿಧಮನಿ ಯಾವ ಬಣ್ಣದಲ್ಲಿದೆಯೆಂದು ನೋಡಿ ನಂತರ ಹೋಲಿಸಬೇಕು. ಬುರುಡೆಯ ತಳದಲ್ಲಿ, ಗಾಳಿ ತುಂಬಿದ ಮೂಳೆಗಳ ಬಳಿ, ಈ ಸೀಕ್ವೆನ್ಸ್ ನಂಬಲರ್ಹವಲ್ಲ.

ಟೈಮ್ ಆಫ್ ಫ್ಲೈಟ್ ಎಂಬ ವಿಧಾನದ ವೆನೋಗ್ರಾಮನ್ನೂ, ಅಂದರೆ ಅಭಿಧಮನಿಗಳ ನಕ್ಷೆಯನ್ನೂ, ಔಷಧಕ್ಕೆ ಮುಂಚೆಯೇ ಮುಗಿಸಬೇಕು. ಇದರಲ್ಲಿ ಪದರದೊಳಗಿನ ನಿಶ್ಚಲ ಅಂಗಾಂಶ ಪದೇಪದೇ ಸ್ಪಂದಿಸಿ ದಣಿದು ಕಪ್ಪಾಗುತ್ತದೆ, ಹೊರಗಿನಿಂದ ಹೊಸದಾಗಿ ಹರಿದುಬರುವ ರಕ್ತ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಆದ್ದರಿಂದ ಪದರವು ಹರಿವನ್ನು ಅಡ್ಡಕತ್ತರಿಸುವಂತಿರಬೇಕು. ಸ್ಯಾಜಿಟಲ್ ಸೈನಸ್ಸಿಗಾಗಿ ಕರೋನಲ್ ಪದರಗಳನ್ನು, ಅಂದರೆ ಹಣೆಗೆ ಸಮಾನಾಂತರವಾದ ಪದರಗಳನ್ನು, ಸ್ವಲ್ಪ ಓರೆ ಮಾಡಿ ಇಡುತ್ತೇವೆ, ಕುತ್ತಿಗೆಯಿಂದ ಮೇಲೇರುವ ಅಪಧಮನಿಗಳ ರಕ್ತವನ್ನು ಅಳಿಸಲು ಕೆಳಗೆ ಒಂದು ಸ್ಯಾಚುರೇಷನ್ ಪಟ್ಟಿ ಹಾಕುತ್ತೇವೆ. ಓರೆ ಮಾಡದೆ ನೇರ ಕರೋನಲ್ ಇಟ್ಟರೆ, ಎಡಬಲಕ್ಕೆ ಸಾಗುವ ಟ್ರಾನ್ಸ್‌ವರ್ಸ್ ಸೈನಸ್ ಪದರದ ಉದ್ದಕ್ಕೇ ಹರಿದು ತಾನೂ ದಣಿದು ಮಸುಕಾಗುತ್ತದೆ, ನೋಡಿದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟಿದಂತೆ ತೋರುತ್ತದೆ. ಫೇಸ್ ಕಾಂಟ್ರಾಸ್ಟ್ ವಿಧಾನದಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ರಕ್ತದ ವೇಗವನ್ನು ಮುಂಚೆಯೇ ಊಹಿಸಿ ಹೇಳಬೇಕು. ಅಭಿಧಮನಿಗಳಿಗೆ ಸೆಕೆಂಡಿಗೆ 15 ಸೆಂಟಿಮೀಟರಿನ ಆಸುಪಾಸು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಪಧಮನಿಗೆ ಇಟ್ಟ ಹೆಚ್ಚಿನ ಅಂಕಿಯನ್ನು ಬದಲಿಸದೆ ಹಾಗೆಯೇ ಬಿಟ್ಟರೆ ನಿಧಾನವಾದ ಸಿರೆಗಳು ಚಿತ್ರದ ಗದ್ದಲದಲ್ಲಿ (ನಾಯ್ಸ್) ಮುಳುಗಿಹೋಗುತ್ತವೆ.

ನಂತರ ಔಷಧ. ವಾಡಿಕೆಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.1 ಮಿಲಿಮೋಲ್. 60 ಕಿಲೋ ತೂಕದವರಿಗೆ ಅದು ಗ್ಯಾಡೊಬ್ಯುಟ್ರಾಲ್ ಆದರೆ 6 ಮಿಲಿಲೀಟರ್, ಗ್ಯಾಡೊಟೆರೇಟ್ ಆದರೆ 12 ಮಿಲಿಲೀಟರ್. ಎರಡರ ಸಾಂದ್ರತೆ ಬೇರೆ ಎಂಬುದನ್ನು ಮರೆತು ಅಳತೆ ತಪ್ಪಿಸಬಾರದು. ಔಷಧದ ಬೆನ್ನಿಗೇ ಸಲೈನ್ ತಳ್ಳಬೇಕು. ಮೂರು ಆಯಾಮದ ವೇಗದ ಟಿ1 ಚಿತ್ರವನ್ನು ಔಷಧಕ್ಕೆ ಮುಂಚೆ ಒಮ್ಮೆ, ನಂತರ ಬಿಡುವಿಲ್ಲದೆ ಎರಡು ಸಲ ತೆಗೆದು, ಮುಂಚಿನದನ್ನು ನಂತರದ್ದರಿಂದ ಕಳೆದರೆ ಅಭಿಧಮನಿಗಳು ಎದ್ದು ಕಾಣುತ್ತವೆ. ಔಷಧ ಮೊದಲು ಅಪಧಮನಿಗಳಿಗೆ ಬಂದು, ಕೆಲವು ಸೆಕೆಂಡುಗಳ ಅಂತರದಲ್ಲಿ ಅಭಿಧಮನಿಗಳನ್ನು ತುಂಬುವುದರಿಂದ ಎರಡನೆಯ ಸುತ್ತು ಹೆಚ್ಚಾಗಿ ಸ್ಪಷ್ಟವಾಗಿರುತ್ತದೆ. ಪದರಗಳು ಕಿವಿಯಿಂದ ಕಿವಿಗೆ, ನೆತ್ತಿಯ ಚರ್ಮದಿಂದ ಕುತ್ತಿಗೆಯ ಮೇಲ್ಭಾಗದವರೆಗೆ ಹರಡಿರಬೇಕು.

ಕೊನೆಯಲ್ಲಿ ಎಲ್ಲ ದಿಕ್ಕಿಗೂ 1 ಮಿಲಿಮೀಟರ್ ಇರುವ, ನಡುವೆ ಅಂತರವಿಲ್ಲದ ಟಿ1 ಚಿತ್ರ. ಗೆಡ್ಡೆಯೂ ಸಿರೆಗಳೂ ಒಂದೇ ಚಿತ್ರದಲ್ಲಿ ಕಾಣುವುದು ಇದರಲ್ಲಿಯೇ. ಶಸ್ತ್ರಚಿಕಿತ್ಸೆಯ ವೇಳೆ ತಲೆಯೊಳಗಿನ ಜಾಗವನ್ನು ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ತುಂಬುವುದೂ ಇದನ್ನೇ. ನ್ಯಾವಿಗೇಷನ್ನಿಗೆ ಮೂಗಿನ ತುದಿ, ಎರಡೂ ಕಿವಿ, ನೆತ್ತಿಯ ಚರ್ಮ ಪೂರ್ತಿ ಬರಬೇಕು. ತಲೆ ಅಲುಗದಿರಲೆಂದು ಇಟ್ಟ ಮೆತ್ತೆ ಕೆನ್ನೆಯನ್ನೂ ಕಿವಿಯನ್ನೂ ಒತ್ತಿಹಿಡಿದಿದ್ದರೆ, ಚಿತ್ರದಲ್ಲಿ ಚರ್ಮದ ಆಕಾರ ಬದಲಾಗಿ, ಮರುದಿನ ಆಪರೇಷನ್ ಕೋಣೆಯಲ್ಲಿ ಮುಖದ ಗುರುತುಗಳು ಹೊಂದುವುದಿಲ್ಲ. ಆದ್ದರಿಂದ ಮೆತ್ತೆ ತಾಗಿದಷ್ಟೇ ಇರಲಿ, ಒತ್ತದಿರಲಿ.

ಮೂಲ ಪದರಗಳನ್ನು ಓದುವುದು

ವೆನೋಗ್ರಾಮಿನ ಒಟ್ಟುಗೂಡಿಸಿದ ಚಿತ್ರ, ಅಂದರೆ ಕಪ್ಪು ಹಿನ್ನೆಲೆಯಲ್ಲಿ ತಿರುಗುವ ಬಿಳಿ ಬಳ್ಳಿಗಳಂಥ ಚಿತ್ರ, ನೋಡಲು ಚೆಂದ. ರೋಗಿಗೂ ಮನೆಯವರಿಗೂ ಅದನ್ನು ತೋರಿಸಿ ವಿವರಿಸುವುದು ಸುಲಭ. ಆದರೆ ನಿರ್ಣಯವನ್ನು ಅದರ ಮೇಲೆ ನಿಲ್ಲಿಸಬಾರದು. ಔಷಧದಿಂದ ಹೊಳೆಯುವ ಗೆಡ್ಡೆ ಅದರಲ್ಲಿ ಸೈನಸ್ಸಿನ ಮೇಲೆ ಬಿದ್ದು ಅದನ್ನು ಮರೆಮಾಡುತ್ತದೆ, ಕಾಲುವೆಯೊಳಗಿನ ಸಣ್ಣ ಅಡೆತಡೆ ಸುತ್ತಲಿನ ಬಿಳುಪಿನಲ್ಲಿ ಕರಗಿಹೋಗುತ್ತದೆ. ಮೂಲ ಪದರಗಳಿಗೆ ಹೋಗಿ, ಸೈನಸ್ಸಿಗೆ ಅಡ್ಡವಾದ ಕರೋನಲ್ ಪದರಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ನೋಡಬೇಕು.

ಆ ಅಡ್ಡಪದರದಲ್ಲಿ ಆರೋಗ್ಯವಂತ ಸೈನಸ್ ಒಂದು ಪುಟ್ಟ ತ್ರಿಕೋನವಾಗಿ ಕಾಣುತ್ತದೆ: ಮೇಲೆ ಬುರುಡೆಗೆ ತಾಗಿದ ಅಡಿಪಾಯ, ಕೆಳಗೆ ಎರಡು ಅರೆಗೋಳಗಳ ನಡುವಿನ ಪೊರೆಯತ್ತ ಇಳಿದ ಚೂಪು ಮೂಲೆ. ಬಲಗಡೆ ಗೆಡ್ಡೆಯಿದೆ ಎಂದುಕೊಳ್ಳಿ. ಮೊದಲ ಕೆಲವು ಪದರಗಳಲ್ಲಿ ತ್ರಿಕೋನ ಸಮವಾಗಿರುತ್ತದೆ. ಮುಂದೆ ಹೋದಂತೆ ಬಲಗೋಡೆ ಒಳಕ್ಕೆ ಬಾಗುತ್ತದೆ. ಇದು ಬರೀ ಒತ್ತಡವಾಗಿರಬಹುದು. ಇನ್ನೂ ಮುಂದೆ ಬಲಮೂಲೆ ಮೊಂಡಾಗಿ, ಅಲ್ಲಿ ರಕ್ತದ ಬಿಳುಪಿಗಿಂತ ತುಸು ಮಂಕಾದ ಬಿಳುಪು ತುಂಬಿರುತ್ತದೆ. ಅದು ಗೆಡ್ಡೆ ಗೋಡೆಯನ್ನು ದಾಟಿ ಒಳಬಂದ ಗುರುತು. ಎರಡೂ ಬಿಳುಪೇ ಆದ್ದರಿಂದ ಇಲ್ಲಿ ಕಣ್ಣು ಮೋಸಹೋಗುತ್ತದೆ, ಚಿತ್ರದ ಹೊಳಪನ್ನು ತಗ್ಗಿಸಿ ನೋಡಬೇಕು. ರಕ್ತವನ್ನು ಕಪ್ಪಾಗಿಸುವ ಮೂರು ಆಯಾಮದ ಸ್ಪಿನ್ ಎಕೋ ಟಿ1 ಚಿತ್ರವನ್ನೂ ತೆಗೆದಿದ್ದರೆ ಕೆಲಸ ಹಗುರ: ಅದರಲ್ಲಿ ಗೆಡ್ಡೆ ಬೆಳ್ಳಗೆ, ಹರಿಯುವ ರಕ್ತ ಕಪ್ಪಗೆ ನಿಂತು ಗಡಿ ತಾನಾಗಿ ತೋರುತ್ತದೆ. ಐದಾರು ನಿಮಿಷ ಹೆಚ್ಚು ಹಿಡಿದರೂ, ಸೈನಸ್ಸಿಗೆ ತಾಗಿದ ಪ್ರತಿ ಗೆಡ್ಡೆಗೂ ಅದನ್ನು ತೆಗೆಯಬೇಕೆಂಬುದು ನನ್ನ ಅಭಿಪ್ರಾಯ.

ಗೆಡ್ಡೆ ಎಷ್ಟು ಒಳಹೊಕ್ಕಿದೆ ಎಂಬುದನ್ನು ಹೇಳಲು ಫ್ರಾನ್ಸಿನ ಮಾರ್ಕ್ ಸಿಂಡೂ ಅವರು 2006ರಲ್ಲಿ ಪ್ರಕಟಿಸಿದ ಆರು ಹಂತಗಳ ಕ್ರಮ ಉಪಯುಕ್ತ. ಗೋಡೆಯ ಹೊರಮೈಗಷ್ಟೇ ಅಂಟಿದ್ದರೆ ಒಂದನೆಯದು, ಮೂಲೆಯೊಳಗೆ ಚಾಚಿದ್ದರೆ ಎರಡನೆಯದು, ಆ ಬದಿಯ ಗೋಡೆಯನ್ನೇ ಹೊಕ್ಕಿದ್ದರೆ ಮೂರನೆಯದು, ಗೋಡೆಯ ಜೊತೆಗೆ ಮೇಲ್ಛಾವಣಿಯನ್ನೂ ಹಿಡಿದಿದ್ದರೆ ನಾಲ್ಕನೆಯದು. ಐದು ಮತ್ತು ಆರರಲ್ಲಿ ಕಾಲುವೆ ಪೂರ್ತಿ ಮುಚ್ಚಿರುತ್ತದೆ. ಐದರಲ್ಲಿ ಒಂದು ಗೋಡೆಯಾದರೂ ಗೆಡ್ಡೆಯಿಂದ ಮುಕ್ತವಾಗಿರುತ್ತದೆ. ಗೆಡ್ಡೆಯನ್ನೂ ಅದು ಅಂಟಿದ ಪೊರೆಯನ್ನೂ ಎಷ್ಟು ಪೂರ್ತಿಯಾಗಿ ತೆಗೆದರೆ ಮರುಕಳಿಸುವುದು ಅಷ್ಟು ಕಡಿಮೆ ಎಂದು ಡೊನಾಲ್ಡ್ ಸಿಂಪ್ಸನ್ 1957ರಲ್ಲೇ ತೋರಿಸಿದ್ದರು. ಪೂರ್ತಿ ತೆಗೆಯುವ ಆಸೆಗೂ ಕಾಲುವೆಯನ್ನು ಉಳಿಸುವ ಹೊಣೆಗೂ ನಡುವೆ ಶಸ್ತ್ರಚಿಕಿತ್ಸಕರು ಎಲ್ಲಿ ನಿಲ್ಲಬೇಕೆಂಬುದು ಬಹುಮಟ್ಟಿಗೆ ವರದಿಯಲ್ಲಿ ಈ ಹಂತವನ್ನು ಹೇಳುವ ನಮ್ಮ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಸೈನಸ್ ಪೂರ್ತಿ ಮುಚ್ಚಿದೆ ಎಂದು ಕಂಡಾಗ ಓದುವ ಕೆಲಸ ಇನ್ನಷ್ಟು ಹೆಚ್ಚುತ್ತದೆ. ಗೆಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದಿರುವುದರಿಂದ ರಕ್ತ ಆಗಲೇ ಬಳಸುದಾರಿಗಳನ್ನು ಮಾಡಿಕೊಂಡಿರುತ್ತದೆ: ದಪ್ಪಗಾದ ಸೇತು ಅಭಿಧಮನಿಗಳು, ಬುರುಡೆಯ ಮೂಳೆಯೊಳಗಿನ ಸಿರೆಗಳು, ತಲೆಚರ್ಮದ ಸಿರೆಗಳು. ಮೂಳೆಯೊಳಗಿನ ಸಿರೆಯೇ ಮುಖ್ಯ ದಾರಿಯಾಗಿದ್ದರೆ, ಗೆಡ್ಡೆಯನ್ನು ಮುಟ್ಟುವ ಮೊದಲೇ, ಮೂಳೆಯ ಬಿಲ್ಲೆಯನ್ನು ಕತ್ತರಿಸುವಾಗಲೇ ಆ ದಾರಿ ಹೋಗಿಬಿಡುತ್ತದೆ. ಆದ್ದರಿಂದ ಮೆದುಳನ್ನಷ್ಟೇ ನೋಡದೆ ಮೂಳೆಯನ್ನೂ ಚರ್ಮವನ್ನೂ ನೋಡಿ ಬರೆಯಬೇಕು.

ಮುಚ್ಚಿದೆ ಎಂದು ಬರೆಯುವ ಮುನ್ನ ಎರಡು ಬೇರೆ ಬೇರೆ ವಿಧಾನಗಳು ಒಂದೇ ಮಾತು ಹೇಳಬೇಕು. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ, ಟೈಮ್ ಆಫ್ ಫ್ಲೈಟ್ ಚಿತ್ರ ಒಂದನ್ನೇ ನೋಡಿ ಎಡ ಟ್ರಾನ್ಸ್‌ವರ್ಸ್ ಸೈನಸ್ ಹೆಪ್ಪುಗಟ್ಟಿದೆ ಎಂದು ಬರೆದಿದ್ದೆ. ಹಿರಿಯರೊಬ್ಬರು ಅದೇ ರೋಗಿಯ ಇತರ ಪದರಗಳನ್ನು ತೆರೆದು, ಮೂಳೆಯ ಮೇಲಿನ ಸೈನಸ್ಸಿನ ತೋಡೂ ಜುಗುಲಾರ್ ರಂಧ್ರವೂ ಎಡಗಡೆ ಹುಟ್ಟಿನಿಂದಲೇ ಕಿರಿದಾಗಿರುವುದನ್ನು ತೋರಿಸಿದರು. ಆ ವರದಿ ಹಾಗೆಯೇ ಹೋಗಿದ್ದರೆ ಆ ರೋಗಿಗೆ ಬೇಡದ ರಕ್ತ ತೆಳುವಾಗಿಸುವ ಔಷಧ ಶುರುವಾಗುತ್ತಿತ್ತು. ಅಂದಿನಿಂದ ಆ ತೋಡನ್ನು ನೋಡದೆ ಎಡ ಸೈನಸ್ಸಿನ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ಬಲ ಟ್ರಾನ್ಸ್‌ವರ್ಸ್ ಸೈನಸ್ ದೊಡ್ಡದಾಗಿದ್ದು ಎಡದ್ದು ಸಣ್ಣದಿರುವುದು ತೀರ ಸಾಮಾನ್ಯ. ಸೈನಸ್ಸಿನೊಳಗೆ ದುಂಡಗೆ, ಅಂಚು ನುಣುಪಾಗಿ, ನೀರಿನ ಬಣ್ಣದಲ್ಲಿ ಕಾಣುವ ಅರಾಕ್ನಾಯ್ಡ್ ಕಣಗಳೂ ಹೆಪ್ಪಿನಂತೆ ತೋರುತ್ತವೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಒಂದೆರಡು ವಾರ ಹಳೆಯ ಹೆಪ್ಪು ಟಿ1ರಲ್ಲಿ ತಾನೇ ಬೆಳ್ಳಗಿರುವುದರಿಂದ, ಟೈಮ್ ಆಫ್ ಫ್ಲೈಟ್ ಚಿತ್ರದಲ್ಲಿ ಹರಿಯುವ ರಕ್ತದಂತೆ ಹೊಳೆದು, ಮುಚ್ಚಿದ ಕಾಲುವೆ ತೆರೆದಂತೆ ಕಾಣುತ್ತದೆ. ಔಷಧಕ್ಕೆ ಮುಂಚಿನ ಸಾದಾ ಟಿ1 ಇದನ್ನು ಬಯಲು ಮಾಡುತ್ತದೆ.

ವರದಿಯ ಮಾತು ಶಸ್ತ್ರಚಿಕಿತ್ಸಕರ ಕೈಗೆ ಹೊಂದುವಂತಿರಬೇಕು. ಗೆಡ್ಡೆ ಸೈನಸ್ಸಿನ ಯಾವ ಮೂರನೇ ಒಂದು ಭಾಗದಲ್ಲಿದೆ (ಮುಂದಿನ, ನಡುವಿನ ಅಥವಾ ಹಿಂದಿನ), ಬುರುಡೆಯ ಮೂಳೆಗಳು ಕೂಡುವ ಕರೋನಲ್ ಹೊಲಿಗೆಯಿಂದ ಎಷ್ಟು ಸೆಂಟಿಮೀಟರ್ ಹಿಂದೆ ಅಥವಾ ಮುಂದೆ, ಎಷ್ಟು ಉದ್ದಕ್ಕೆ ತಾಗಿದೆ, ಸಿಂಡೂ ಹಂತ ಯಾವುದು, ದೊಡ್ಡ ಸೇತು ಅಭಿಧಮನಿಗಳು ಗೆಡ್ಡೆಯ ಮುಂದಿನ ಅಂಚಿನಲ್ಲಿವೆಯೋ ಹಿಂದಿನ ಅಂಚಿನಲ್ಲಿವೆಯೋ ಅಥವಾ ಅದರ ಬೆನ್ನಮೇಲೆ ಹಾದಿವೆಯೋ ಎಂಬುದನ್ನು ಅಂಕಿಗಳೊಡನೆ ಬರೆಯಬೇಕು. ನಡುವಿನ ಮೂರನೇ ಒಂದು ಭಾಗದ ಪಕ್ಕದಲ್ಲೇ ಕಾಲನ್ನು ಆಡಿಸುವ ಮೆದುಳಿನ ಭಾಗ ಇರುವುದರಿಂದ, ಅಲ್ಲಿನ ಒಂದು ಸಿರೆಯನ್ನೂ ಹೆಸರಿಸದೆ ಬಿಡಬಾರದು.

ರೋಗಿಗಳಿಗೂ ಒಂದು ಕೋರಿಕೆಯಿದೆ. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿಸಿಕೊಂಡು, ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೆ ರಾತ್ರಿ ಬಸ್ಸಿನಲ್ಲಿ ಬರುವವರು ಅಗಲವಾದ ಕವರಿನಲ್ಲಿ ಫಿಲಂ ಹಾಳೆಗಳನ್ನಷ್ಟೇ ತರುತ್ತಾರೆ. ಫಿಲಮಿನಲ್ಲಿರುವುದು ಆಯ್ದ ಕೆಲವು ಚಿತ್ರಗಳು ಮಾತ್ರ. ಮೇಲೆ ಹೇಳಿದ ಮೂಲ ಪದರಗಳು ನೂರಾರು ಸಂಖ್ಯೆಯಲ್ಲಿದ್ದು, ಅವು ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಡೈಕಾಮ್ ಎಂಬ ವೈದ್ಯಕೀಯ ಚಿತ್ರಗಳ ಕಡತ ರೂಪದಲ್ಲಿ ಮಾತ್ರ ಸಿಗುತ್ತವೆ. ಸ್ಕ್ಯಾನ್ ಕೇಂದ್ರದಿಂದ ಹೊರಡುವ ಮೊದಲು ಅದನ್ನು ಕೇಳಿ ಪಡೆದು, ಅಲ್ಲಿಯ ಕಂಪ್ಯೂಟರಿನಲ್ಲೇ ಒಮ್ಮೆ ತೆರೆಸಿ ನೋಡಿ ಕಟ್ಟಿಕೊಂಡರೆ, ಊರಿಗೆ ಮರಳಿ ಹೋಗಿ ತರುವ ಇಲ್ಲವೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವ ಖರ್ಚು ಉಳಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತಲೆನೋವು ಹೆಚ್ಚುತ್ತಾ ಹೋದರೆ, ಹೊಸದಾಗಿ ಕಾಲು ಅಥವಾ ಕೈ ಸೋತರೆ, ಫಿಟ್ಸ್ ಬಂದರೆ, ಅದೇ ದಿನ ಡಿಫ್ಯೂಷನ್, ಎಸ್‌ಡಬ್ಲ್ಯುಐ ಮತ್ತು ವೆನೋಗ್ರಾಮ್ ಸಹಿತ ಮತ್ತೆ ಎಂಆರ್‌ಐ ಮಾಡಬೇಕು. ಆಗ ಹೋಲಿಸಿ ನೋಡಲು ಹಳೆಯ ಸಿಡಿಯೂ ಕೈಯಲ್ಲಿರಬೇಕು.